ತಾಳೆಯಾಗದ ಹೂವು

“ಅಜ್ಜಾ, ಈ ತೆನಿ ಲೆಕ್ಕ ತಪ್ಪೈತಿ.”

ಮೊಮ್ಮಗಳು ಹೀಗೆ ಹೇಳಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಳವಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಂದರಲ್ಲಿ ಸೂರ್ಯಕಾಂತಿ ತೆನೆಗಳು, ಸ್ಕೆಚ್ ಪೆನ್ನುಗಳು, ಅಂಟು, ಬಣ್ಣದ ಹಾಳೆಗಳು. ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ, ನಮ್ಮ ದೇಶದ ರಾಷ್ಟ್ರೀಯ ಗಣಿತ ದಿನ. ಅಂದು ಅವಳ ಶಾಲೆಯಲ್ಲಿ ವಸ್ತುಪ್ರದರ್ಶನ. ಎಂಟನೇ ತರಗತಿಯ ಈ ಹುಡುಗಿ ಆರಿಸಿಕೊಂಡ ವಿಷಯ ‘ನಿಸರ್ಗದಲ್ಲಿ ಗಣಿತ’.

ನಮ್ಮದು ಎರೆಭೂಮಿಯ ಸೀಮೆ. ಜೋಳ, ಕಡಲೆ, ಮೆಕ್ಕೆಜೋಳದ ಜೊತೆಗೆ ಸೂರ್ಯಕಾಂತಿಯನ್ನೂ ಬಿತ್ತುತ್ತಾರೆ. ರೈತರು ಅದನ್ನು ಸೂರ್ಯಪಾನ ಎನ್ನುತ್ತಾರೆ. ಪರಿಚಯದ ರೈತರೊಬ್ಬರು ಗಿಳಿ ಮುಟ್ಟದ ಆರು ತೆನೆಗಳನ್ನು ಆರಿಸಿ ಕೊಟ್ಟಿದ್ದರು. ಐದು ತೆನೆಗಳ ಲೆಕ್ಕ ಮುಗಿದಿತ್ತು. ಆರನೆಯದು ಕೈಕೊಟ್ಟಿತ್ತು.

ಅವಳ ಸಂಕಟ ಅರ್ಥವಾಗಬೇಕಾದರೆ ಆ ಲೆಕ್ಕ ಏನೆಂದು ಮೊದಲು ಹೇಳಬೇಕು.

ತೆನೆಯೊಳಗಿನ ಸುರುಳಿಗಳು

ಕಾಳು ಕಟ್ಟಿದ ಸೂರ್ಯಕಾಂತಿ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ. ಕಾಳುಗಳು ಅಡ್ಡಾದಿಡ್ಡಿಯಾಗಿ ಕೂತಿಲ್ಲ. ನಡುವಿನಿಂದ ಅಂಚಿನ ಕಡೆಗೆ ಬಾಗಿದ ಸಾಲುಗಳಲ್ಲಿ ಕೂತಿವೆ. ಕೆಲವು ಸಾಲು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಬಾಗಿದರೆ, ಕೆಲವು ಅದಕ್ಕೆ ಎದುರು ದಿಕ್ಕಿಗೆ. ಒಂದೇ ಕಾಳು ಎರಡೂ ಬಗೆಯ ಸಾಲಿನಲ್ಲಿ ಪಾಲುದಾರ.

ಎಣಿಸುವುದು ಸುಲಭವೆಂದು ಕಾಣುತ್ತದೆ, ಆದರೆ ಕಣ್ಣು ಮೋಸ ಮಾಡುತ್ತದೆ. ಒಂದು ಸುರುಳಿಗೆ ಪೆನ್ನಿನಿಂದ ಗುರುತು ಹಾಕಿ, ಅಲ್ಲಿಂದ ಅಂಚಿನಗುಂಟ ಒಂದೊಂದೇ ಎಣಿಸುತ್ತ ಸುತ್ತು ಹಾಕಿ ಮತ್ತೆ ಗುರುತಿಗೆ ಬರಬೇಕು. ಅವಳ ಮೊದಲ ತೆನೆಯಲ್ಲಿ ಒಂದು ದಿಕ್ಕಿಗೆ 34 ಸುರುಳಿ, ಇನ್ನೊಂದು ದಿಕ್ಕಿಗೆ 55. ಎರಡನೆಯದರಲ್ಲೂ 34 ಮತ್ತು 55. ಸ್ವಲ್ಪ ಸಣ್ಣದಾದ ಮೂರನೆಯದರಲ್ಲಿ 21 ಮತ್ತು 34.

ಈ ಸಂಖ್ಯೆಗಳೆಲ್ಲ ಒಂದು ಸರಣಿಯಲ್ಲಿ ಬರುತ್ತವೆ: 1, 2, 3, 5, 8, 13, 21, 34, 55, 89. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆ. ಅಷ್ಟೇ ನಿಯಮ. ಪುಸ್ತಕಗಳಲ್ಲಿ ಇದಕ್ಕೆ ಫಿಬೊನಾಚಿ ಸರಣಿ ಎಂದು ಹೆಸರು. ಇಟಲಿಯ ಪೀಸಾ ನಗರದ ಫಿಬೊನಾಚಿ ಉತ್ತರ ಆಫ್ರಿಕಾದ ಬಂದರಿನಲ್ಲಿ ನಮ್ಮ ಭಾರತೀಯ ಅಂಕಿಗಳನ್ನು ಕಲಿತು, 1202ರಲ್ಲಿ ಬರೆದ ಲೆಕ್ಕದ ಪುಸ್ತಕದಲ್ಲಿ ಮೊಲದ ಮರಿಗಳ ಒಂದು ಸಮಸ್ಯೆಯಾಗಿ ಇದನ್ನು ಹೇಳಿದ.

ಮೊಮ್ಮಗಳ ಚಾರ್ಟಿನಲ್ಲಿ ಇಷ್ಟು ಬರೆದಿತ್ತು. ನಾನು ಅದರ ಕೆಳಗೆ ಇನ್ನೊಂದು ವಿಷಯ ಸೇರಿಸಲು ಹೇಳಿದೆ.

ಭಾಮಿನಿ ಷಟ್ಪದಿಯ ಲೆಕ್ಕ

ನಾನು ಸಣ್ಣವನಿದ್ದಾಗ ಮಳೆಗಾಲದ ರಾತ್ರಿಗಳಲ್ಲಿ ನಮ್ಮಪ್ಪ ಕುಮಾರವ್ಯಾಸನ ಭಾರತ ಓದುತ್ತಿದ್ದರು. ಕುಮಾರವ್ಯಾಸ ನಮ್ಮ ಪಕ್ಕದ ಗದುಗಿನವನು, ಅದಕ್ಕೇ ನಮ್ಮ ಕಡೆ ಅವನ ಮೇಲೆ ಪ್ರೀತಿ ಹೆಚ್ಚು. ಅವನ ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಸಾಲು ಸಾಗುತ್ತದೆ. ಅಪ್ಪ ತೊಡೆಯ ಮೇಲೆ ಬೆರಳು ತಟ್ಟುತ್ತ ಓದುತ್ತಿದ್ದರು. ಅಂಕಿಗೆ ಸದ್ದು ಇದೆ ಎಂದು ನನಗೆ ಗೊತ್ತಾದದ್ದು ಅಲ್ಲಿ.

ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು ಮಾತ್ರೆ. ಇದು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಈಗ ಒಂದು ಪ್ರಶ್ನೆ: ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಮೂರು ಲಘು, ಗುರು-ಲಘು, ಲಘು-ಗುರು. ಒಟ್ಟು 3 ಬಗೆ. ನಾಲ್ಕು ಮಾತ್ರೆಗೆ? ನಾಲ್ಕು ಲಘು, ಗುರು-ಗುರು, ಗುರು-ಲಘು-ಲಘು, ಲಘು-ಗುರು-ಲಘು, ಲಘು-ಲಘು-ಗುರು. ಒಟ್ಟು 5 ಬಗೆ.

ಐದು ಮಾತ್ರೆಗೆ ಬರೆದು ನೋಡಬೇಕಾಗಿಲ್ಲ. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತವೆ, ಅದಕ್ಕೆ 5 ಬಗೆ. ಕೊನೆಯದು ಗುರುವಾದರೆ ಹಿಂದೆ ಮೂರು ಮಾತ್ರೆ ಉಳಿಯುತ್ತವೆ, ಅದಕ್ಕೆ 3 ಬಗೆ. ಕೂಡಿಸಿದರೆ 8. ಮುಂದಿನದು 5 ಮತ್ತು 8 ಕೂಡಿ 13. ಸೂರ್ಯಕಾಂತಿಯ ಅದೇ ಸರಣಿ! ಬರೆಯಲು ಬರುವ ಎಲ್ಲ ಬಗೆಯನ್ನೂ ಕವಿ ಬಳಸುವುದಿಲ್ಲ ಎಂಬುದು ಬೇರೆ ಮಾತು. ಲಘುವಿನ ಬೆನ್ನಿಗೇ ಗುರು ಬರುವ ಆರಂಭ ಓದುವಾಗ ಎಡವಿದಂತಾಗುವುದರಿಂದ ಕನ್ನಡದ ಕವಿಗಳು ಅದನ್ನು ಸಾಮಾನ್ಯವಾಗಿ ದೂರವಿಟ್ಟರು.

ಈ ಲೆಕ್ಕವನ್ನು ಛಂದಸ್ಸಿನ ಪಂಡಿತನಾದ ವಿರಹಾಂಕ ಫಿಬೊನಾಚಿಗಿಂತ ಎಷ್ಟೋ ಶತಮಾನ ಮೊದಲೇ ಹೇಳಿದ್ದ. ಗುಜರಾತಿನ ಜೈನ ಮುನಿ ಹೇಮಚಂದ್ರ ಸುಮಾರು 1150ರಲ್ಲಿ ಅದನ್ನು ಬರೆದಿಟ್ಟ. ಸ್ವಾರಸ್ಯವೆಂದರೆ ಅವರಲ್ಲಿ ಯಾರೂ ಸೂರ್ಯಕಾಂತಿಯನ್ನು ಕಂಡವರಲ್ಲ. ಅದರ ತವರು ಉತ್ತರ ಅಮೆರಿಕ. ನಮ್ಮ ದೇಶಕ್ಕೆ ಅದು ಬಂದದ್ದು ಬಹಳ ತಡವಾಗಿ. ಪದ್ಯವನ್ನು ಅಳೆಯಲು ಹೊರಟವರ ಕೈಗೆ ಸಿಕ್ಕ ಅಂಕಿಗಳೇ ಸಾವಿರಾರು ಮೈಲಿ ದೂರದ ಹೂವಿನಲ್ಲಿ ಆಗಲೇ ಕೂತಿದ್ದವು. ಗಣಿತವನ್ನು ಭಾಷೆ ಎಂದು ಕರೆಯುವುದು ಇಂಥ ಕಾರಣಕ್ಕೆ. ನಿಸರ್ಗವೆಂಬ ಪುಸ್ತಕ ಗಣಿತದ ಭಾಷೆಯಲ್ಲಿದೆ ಎಂದು ಗೆಲಿಲಿಯೊ 1623ರಲ್ಲಿ ಬರೆದ. ಅವನಿಗಿಂತ ಬಹು ಹಿಂದೆ, ಒಂಬತ್ತನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟ ದೊರೆ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲೇ ಸಂಗೀತ, ಅಡುಗೆ, ವೈದ್ಯ, ಛಂದಸ್ಸು ಎಲ್ಲಕ್ಕೂ ಗಣಿತ ಬೇಕೆಂದು ಪಟ್ಟಿ ಕೊಟ್ಟಿದ್ದಾನೆ. ನಮ್ಮ ಕೊಪ್ಪಳವನ್ನು ಕೊಪಣ ನಗರವೆಂದು ಹೆಸರಿಸುವ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ.

ಇಷ್ಟೆಲ್ಲ ಬರೆದು ಚಾರ್ಟು ಚೆಂದವಾಗಿತ್ತು. ಅಷ್ಟರಲ್ಲಿ ಆರನೇ ತೆನೆ.

“34, 55 ಅಂತ ಬರೀಲೇನು?”

ಅದರಲ್ಲಿ ಅವಳಿಗೆ ಸಿಕ್ಕದ್ದು 29 ಮತ್ತು 47. ಎರಡೂ ಸರಣಿಯಲ್ಲಿ ಇಲ್ಲ. ಅವಳು ಎರಡು ಸಲ ಎಣಿಸಿದ್ದಳು.

“ನಾಳೆ ಬೆಳಿಗ್ಗೆ ಒಯ್ಯಬೇಕಜ್ಜಾ. 34, 55 ಅಂತ ಬರೀಲೇನು? ಯಾರು ಕುಂತು ಎಣಿಸ್ತಾರ?” ಎಂದಳು.

ಯಾರೂ ಎಣಿಸುವುದಿಲ್ಲ, ನಿಜ. ಆದರೆ ಆ ಮಾತು ಕೇಳಿ ನನಗೆ ಐವತ್ತು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಮನೆಯಲ್ಲಿ ಯಾರಿಗೂ ಹೇಳದ ಆ ಸಂಗತಿಯನ್ನು ಅಂದು ಅವಳಿಗೆ ಹೇಳಿದೆ.

ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸೇರಿ ಒಂದು ವರ್ಷ ಆಗಿರಲಿಲ್ಲ. ಆಗ ಕಂಪ್ಯೂಟರ್ ಇರಲಿಲ್ಲ. ಪ್ರತಿ ಗಿರಾಕಿಯ ಹೆಸರಿಗೆ ದಪ್ಪ ಲೆಜರಿನಲ್ಲಿ ಒಂದು ಹಾಳೆ, ಕೈಯಿಂದಲೇ ಬರೆಯಬೇಕು. ತಿಂಗಳಿಗೊಮ್ಮೆ ಎಲ್ಲ ಉಳಿತಾಯ ಖಾತೆಗಳ ಬಾಕಿಯನ್ನು ಒಂದು ಪುಸ್ತಕದಲ್ಲಿ ಇಳಿಸಿ, ಕೂಡಿಸಿ, ಜನರಲ್ ಲೆಜರಿನ ಮೊತ್ತದ ಜೊತೆ ತಾಳೆ ನೋಡಬೇಕು. ಆ ತಿಂಗಳು ನನ್ನ ಮೊತ್ತ 27 ರೂಪಾಯಿ ಕಡಿಮೆ ಬಂತು. ಮೂರು ಸಲ ಕೂಡಿಸಿದೆ. ಅದೇ 27. ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು. ದೊಡ್ಡ ಬಾಕಿಯಿದ್ದ ಒಂದು ಖಾತೆಯ ಮುಂದೆ 27 ರೂಪಾಯಿ ಹೆಚ್ಚು ಬರೆದು ಕೂಡಿಸಿದೆ. ಲೆಕ್ಕ ತಾಳೆಯಾಯಿತು. ಸಹಿ ಹಾಕಿ ಬಸ್ಸು ಹಿಡಿದೆ. ಯಾರದೇ ಹಣ ಮುಟ್ಟಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ತಿಂಗಳು ಒಬ್ಬ ಮುದುಕಿ ಕೌಂಟರಿಗೆ ಬಂದಳು. ಅವಳ ಪಾಸ್‌ಬುಕ್ಕಿನಲ್ಲಿ 41 ರೂಪಾಯಿ ಇತ್ತು. ಲೆಜರಿನಲ್ಲಿ 14 ಇತ್ತು. ಲೆಜರಿನಲ್ಲಿ ಇಲ್ಲದ ಹಣ ಕೊಡಲು ಬಾರದು, ವಿಚಾರಿಸುತ್ತೇವೆ, ಇನ್ನೊಮ್ಮೆ ಬಾ ಎಂದು ಕಳಿಸಿದರು. ಅವಳು ನಡೆದು ಬಂದವಳು, ನಡೆದೇ ಹೋದಳು. ಮೂರನೇ ದಿನ ಮತ್ತೆ ಬಂದು ನನ್ನನ್ನೇ ಕೇಳಿದಳು: “ನನ್ನ ಪುಸ್ತಕದಾಗ ಇದ್ದದ್ದು ನಿನ್ನ ಪುಸ್ತಕದಾಗ ಯಾಕಿಲ್ಲೋ ತಮ್ಮಾ?”

ಲೆಜರಿನಲ್ಲಿದ್ದದ್ದು ನನ್ನದೇ ಅಕ್ಷರ. 41 ಎಂದು ಬರೆಯುವಲ್ಲಿ 14 ಎಂದು ಬರೆದಿದ್ದೆ. ಆ ಕಾಲದಲ್ಲಿ 27 ರೂಪಾಯಿ ಕೂಲಿಯವರಿಗೆ ಎಷ್ಟೋ ದಿನದ ದುಡಿಮೆ. ಹೆಡ್ ಕ್ಲರ್ಕ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಯ್ದರು, ಲೆಕ್ಕ ತಿದ್ದಿಸಿ ಅವಳ ಹಣ ಕೊಡಿಸಿದರು. ಆಮೇಲೆ ಚೀಟಿಯೊಂದರ ಹಿಂದೆ ಒಂದು ಲೆಕ್ಕ ಬರೆದು ತೋರಿಸಿದರು.

ಒಂಬತ್ತರ ಗುಟ್ಟು

ಎರಡಂಕಿಯ ಯಾವುದೇ ಸಂಖ್ಯೆಯನ್ನು ತಿರುಗಿಸಿ ಬರೆಯಿರಿ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಿರಿ. 41ರಲ್ಲಿ 14 ಕಳೆದರೆ 27. 82ರಲ್ಲಿ 28 ಕಳೆದರೆ 54. 65ರಲ್ಲಿ 56 ಕಳೆದರೆ 9. ಉತ್ತರ ಯಾವಾಗಲೂ 9ರಿಂದ ಭಾಗವಾಗುತ್ತದೆ. ಕಾರಣ ಸರಳ. ಒಂದು ಅಂಕಿ ಬಿಡಿಯ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಹೋದರೆ ಅದರ ಬೆಲೆ ಹತ್ತು ಪಟ್ಟಾಗುತ್ತದೆ, ಅಂದರೆ ಒಂಬತ್ತು ಪಟ್ಟು ಹೆಚ್ಚುತ್ತದೆ. ಇನ್ನೊಂದು ಅಂಕಿ ಕೆಳಗಿಳಿದು ತನ್ನ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ. ಹೀಗಾಗಿ ವ್ಯತ್ಯಾಸ ಎಂದರೆ ಎರಡು ಅಂಕಿಗಳ ಅಂತರದ ಒಂಬತ್ತು ಪಟ್ಟು.

“ಲೆಕ್ಕದಾಗ ಬಂದ ಫರಕು ಒಂಬತ್ತರಿಂದ ಭಾಗ ಹೋದ್ರ, ಎಲ್ಲೋ ಅಂಕಿ ತಿರುಗಿ ಬಿದ್ದಿರಬಹುದು ಅಂತ ಮೊದಲು ಹುಡುಕು,” ಎಂದರು ಹೆಡ್ ಕ್ಲರ್ಕ್. 27ನ್ನು 9ರಿಂದ ಭಾಗಿಸಿದರೆ 3. ಅಂದರೆ ಎರಡು ಅಂಕಿಗಳ ನಡುವೆ 3ರ ಅಂತರ: 14, 25, 36, 47, 58, 69 ಇಂಥವನ್ನು ನೋಡಿದರೆ ಸಾಕು. ಆ ಸಂಜೆ ಇದು ಗೊತ್ತಿದ್ದರೆ ಹತ್ತು ನಿಮಿಷದಲ್ಲಿ 14 ಸಿಗುತ್ತಿತ್ತು. ತಪ್ಪು ತಾನು ಎಲ್ಲಿದ್ದೇನೆಂದು ನನಗೆ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಮೊಮ್ಮಗಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ತೆನೆಯನ್ನು ನನ್ನ ಕಡೆ ಸರಿಸಿ, “ಹಂಗಾದ್ರ ನೀನೂ ಎಣಸಜ್ಜಾ,” ಎಂದಳು.

ಇನ್ನೊಂದು ಸರಣಿ

ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಕುಳಿತು ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು. ನನಗೂ 29 ಮತ್ತು 47. ಎಣಿಕೆ ತಪ್ಪಿರಲಿಲ್ಲ.

“ಫರಕು ತೆಗೆದು ನೋಡೋಣ,” ಎಂದೆ. 47ರಲ್ಲಿ 29 ಕಳೆದರೆ 18. 29ರಲ್ಲಿ 18 ಕಳೆದರೆ 11. 18ರಲ್ಲಿ 11 ಕಳೆದರೆ 7. ಮತ್ತೆ 4, ಮತ್ತೆ 3, ಮತ್ತೆ 1. ಅವಳು ಅದನ್ನು ತಿರುಗಿಸಿ ಬರೆದಳು: 1, 3, 4, 7, 11, 18, 29, 47. ಬರೆದವಳೇ, “ಅಜ್ಜಾ! ಇದೂ ಹಂಗ ಐತಿ! ಎರಡು ಕೂಡಿಸಿದ್ರ ಮುಂದಿಂದು!” ಎಂದು ಕೂಗಿದಳು. ಒಳಗೆ ಮಲಗಿದ್ದವರು ಎದ್ದರು.

ನಿಯಮ ಅದೇ, ಶುರುವಾದ ಅಂಕಿ ಮಾತ್ರ ಬೇರೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಗಣಿತಜ್ಞ ಎದುವಾರ್ ಲೂಕಾಸನ ಹೆಸರಿನಿಂದ ಇದನ್ನು ಲೂಕಾಸ್ ಸರಣಿ ಎನ್ನುತ್ತಾರೆ. ಸೂರ್ಯಕಾಂತಿಯಲ್ಲಿ ಇದು ಅಪರೂಪ, ಆದರೆ ಇದೆ. ಇನ್ನೂ ಒಂದು ವಿಶೇಷ ನೋಡಿ. 55ನ್ನು 34ರಿಂದ ಭಾಗಿಸಿದರೆ ಸುಮಾರು 1.618. 47ನ್ನು 29ರಿಂದ ಭಾಗಿಸಿದರೆ ಸುಮಾರು 1.621. ಸರಣಿ ಮುಂದುವರಿದಂತೆ ಎರಡೂ 1.618ರ ಹತ್ತಿರಕ್ಕೇ ಬರುತ್ತವೆ. ಇದನ್ನೇ ಸುವರ್ಣ ಅನುಪಾತ ಎನ್ನುವುದು.

ಗಿಡಕ್ಕೆ ಕೂಡಿಸಲು ಬರುತ್ತದೆಯೇ?

ಬರುವುದಿಲ್ಲ. ಗಿಡಕ್ಕೆ ಬೇಕಾದದ್ದು ಜಾಗ. ನಾವು ಒಂದು ಹೂವೆನ್ನುವ ಸೂರ್ಯಕಾಂತಿ ನಿಜದಲ್ಲಿ ನೂರಾರು ಸಣ್ಣ ಹೂವುಗಳ ಗುಂಪು. ಅಂಚಿನ ಎಸಳುಗಳನ್ನು ಬಿಟ್ಟರೆ ಒಳಗಿನ ಒಂದೊಂದು ಸಣ್ಣ ಹೂವೂ ಒಂದೊಂದು ಕಾಳಾಗುತ್ತದೆ. ಅವುಗಳ ಮೊಗ್ಗು ಮೂಡುವಾಗ, ಹೊಸದು ಹಳೆಯವುಗಳಿಂದ ಬಿಡುವಾಗಿರುವ ಕಡೆ ಮೂಡುತ್ತದೆ. ಬಸ್ಸಿನಲ್ಲಿ ನಾವು ಖಾಲಿ ಸೀಟು ಹುಡುಕಿದ ಹಾಗೆ.

ಒಂದು ಮೊಗ್ಗಿನಿಂದ ಮುಂದಿನದಕ್ಕೆ ಅರ್ಧ ಸುತ್ತು ತಿರುಗಿದರೆ ಎಲ್ಲ ಮೊಗ್ಗು ಎರಡೇ ಗೆರೆಯಲ್ಲಿ ಕೂರುತ್ತವೆ. ಮೂರನೇ ಒಂದು ಸುತ್ತು ತಿರುಗಿದರೆ ಮೂರು ಗೆರೆ. ನಡುವೆ ಜಾಗವೆಲ್ಲ ಹಾಳು. ಸೂರ್ಯಕಾಂತಿ ಸುಮಾರು 137.5 ಡಿಗ್ರಿ ತಿರುಗುತ್ತದೆ. ಈ ಕೋನ ಸುತ್ತಿನ ಸರಳ ಭಾಗವಾಗದ ಕಾರಣ ಒಂದರ ನೇರಕ್ಕೆ ಇನ್ನೊಂದು ಬರುವುದೇ ಇಲ್ಲ, ತೆನೆ ಗಿಚ್ಚಾಗಿ ತುಂಬುತ್ತದೆ. ಆಗ ನಮ್ಮ ಕಣ್ಣಿಗೆ 34 ಮತ್ತು 55 ಸುರುಳಿ ಕಾಣುತ್ತವೆ. ಕೋನ ಸುಮಾರು 99.5 ಡಿಗ್ರಿಯಾದರೆ ನಮ್ಮ ಆರನೇ ತೆನೆಯಂತೆ ಲೂಕಾಸ್ ಅಂಕಿಗಳು.

ಇದಕ್ಕೆ ಜೀವವೇ ಬೇಕೆಂದಿಲ್ಲ. 1992ರಲ್ಲಿ ಫ್ರಾನ್ಸಿನ ದುವಾದಿ ಮತ್ತು ಕೂದೆ ಎಂಬ ಇಬ್ಬರು ಭೌತವಿಜ್ಞಾನಿಗಳು ಎಣ್ಣೆ ತುಂಬಿದ ತಟ್ಟೆಯ ನಡುವೆ ಕಾಂತಗುಣದ ದ್ರವವನ್ನು ಹನಿ ಹನಿಯಾಗಿ ಬಿಟ್ಟರು. ಹನಿಗಳು ಒಂದನ್ನೊಂದು ದೂಡುತ್ತ ಅಂಚಿಗೆ ಸರಿದವು, ಸರಿದಂತೆ ಸೂರ್ಯಕಾಂತಿಯ ಸುರುಳಿಗಳೇ ಮೂಡಿದವು.

ಕಂಪ್ಯೂಟರ್ ವಿಜ್ಞಾನದ ಮೂಲಪುರುಷರಲ್ಲೊಬ್ಬನಾದ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಕೊನೆಯ ದಿನಗಳಲ್ಲಿ ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದ. 1954ರಲ್ಲಿ ತೀರಿಕೊಂಡಾಗ ಕೆಲಸ ಅರ್ಧಕ್ಕೇ ನಿಂತಿತ್ತು. ಅವನ ನೆನಪಿಗಾಗಿ ಮ್ಯಾಂಚೆಸ್ಟರಿನ ವಿಜ್ಞಾನ ವಸ್ತುಸಂಗ್ರಹಾಲಯ ಜನರಿಗೇ ಸೂರ್ಯಕಾಂತಿ ಬೆಳೆದು ಎಣಿಸಲು ಕರೆಕೊಟ್ಟಿತು. 657 ಹೂವುಗಳ ಲೆಕ್ಕ ಸೇರಿತು. 2016ರಲ್ಲಿ ಅದು ಪ್ರಕಟವಾದಾಗ ಹೆಚ್ಚಿನವು ಫಿಬೊನಾಚಿ ಅಂಕಿಗಳೇ ಆಗಿದ್ದವು, ಆದರೆ ಸುಮಾರು ಐದರಲ್ಲಿ ಒಂದು ಆ ಸರಣಿಗೆ ಒಗ್ಗಿರಲಿಲ್ಲ. ಕೆಲವು ಲೂಕಾಸ್, ಕೆಲವು ಫಿಬೊನಾಚಿ ಅಂಕಿಗೆ ಒಂದು ಕಡಿಮೆ, ಕೆಲವು ಯಾವ ಸರಣಿಗೂ ಸೇರದವು. ಜನ ತಮಗೆ ಕಂಡದ್ದನ್ನೇ ಬರೆದು ಕಳಿಸಿದ್ದರಿಂದ ಇದು ತಿಳಿಯಿತು.

ಇದನ್ನೆಲ್ಲ ಹೇಳಿದ ಮೇಲೆ ಮೊಮ್ಮಗಳು ಆರನೇ ತೆನೆಗೆ ಬೇರೆಯೇ ಹಾಳೆ ಅಂಟಿಸಿದಳು. ಮೇಲೆ ಕೆಂಪು ಪೆನ್ನಿನಲ್ಲಿ ‘ತಾಳೆಯಾಗದ ಹೂವು’ ಎಂದು ಬರೆದು, ಕೆಳಗೆ 29, 47 ಮತ್ತು ಕಳೆಯುವ ಲೆಕ್ಕ. ಪ್ರದರ್ಶನದಲ್ಲಿ ಬಹುಮಾನ ಉರಿಯುವ ಜ್ವಾಲಾಮುಖಿಯ ಮಾದರಿಗೆ ಬಂತು. ಆದರೆ ನೋಡಲು ಬಂದವರಲ್ಲಿ ಒಬ್ಬರು ತೆನೆಯನ್ನು ಕೈಗೆತ್ತಿಕೊಂಡು ನಿಂತಲ್ಲೇ 29 ಸುರುಳಿಯನ್ನೂ ಎಣಿಸಿ ಹೋದರಂತೆ. ಮನೆಗೆ ಬಂದವಳು ಹೇಳಿದ್ದು ಅದೊಂದನ್ನೇ: “ಅಜ್ಜಾ, ಒಬ್ಬರು ಎಣಿಸಿದ್ರು!”

ನೀವೂ ಎಣಿಸಿ

ಮಕ್ಕಳೇ, ಸೂರ್ಯಕಾಂತಿ ಸಿಗದಿದ್ದರೆ ಚಿಂತೆಯಿಲ್ಲ. ಅನಾನಸ್ ಹಣ್ಣಿನ ಮೇಲಿನ ಸುರುಳಿಗಳನ್ನು ಎರಡೂ ದಿಕ್ಕಿನಲ್ಲಿ ಎಣಿಸಿ. ಸಾಮಾನ್ಯವಾಗಿ 8 ಮತ್ತು 13 ಬರುತ್ತವೆ. ದಾಸವಾಳ, ಎಕ್ಕೆ ಹೂವಿನ ಎಸಳು ಎಣಿಸಿ, 5. ಸಾಸಿವೆ ಹೂವಿಗೆ 4. ಅದು ಈ ಸರಣಿಯಲ್ಲಿಲ್ಲ, ಅದರ ದಾರಿಯೇ ಬೇರೆ.

ಇನ್ನು ಮೆಕ್ಕೆಜೋಳದ ತೆನೆ ಸುಲಿದಾಗ ಕಾಳಿನ ಸಾಲುಗಳನ್ನು ಎಣಿಸಿ. 12, 14, 16 ಹೀಗೆ ಸಾಮಾನ್ಯವಾಗಿ ಸಮಸಂಖ್ಯೆಯೇ ಬರುತ್ತದೆ. ತೆನೆ ಮೂಡುವಾಗ ಹೂಮೊಗ್ಗುಗಳು ಜೋಡಿ ಜೋಡಿಯಾಗಿ ಹುಟ್ಟುವುದೇ ಅದಕ್ಕೆ ಕಾರಣ. ಎಣಿಸಿದ್ದನ್ನು ತಾರೀಖಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನೀವು ಅಂದುಕೊಂಡಿದ್ದಕ್ಕಿಂತ ಬೇರೆ ಅಂಕಿ ಬಂದರೆ ಇನ್ನೊಮ್ಮೆ ಎಣಿಸಿ, ಬೇರೆಯವರ ಕೈಲೂ ಎಣಿಸಿಸಿ. ಆಗಲೂ ಅದೇ ಬಂದರೆ ಅದನ್ನೇ ಬರೆಯಿರಿ, ಪಕ್ಕದಲ್ಲಿ ಒಂದು ಕೆಂಪು ಗುರುತು ಹಾಕಿ. ನಮ್ಮ ಮನೆಯ ನೋಟ್‌ಬುಕ್ಕಿನಲ್ಲಿ ಈಗ ಅಂಥ ಗುರುತು ಮೂರಿವೆ. ಒಂದರ ಉತ್ತರ ಸಿಕ್ಕಿದೆ. ಉಳಿದೆರಡರ ಮುಂದೆ ಅಜ್ಜ, ಮೊಮ್ಮಗಳು ಇಬ್ಬರೂ ಕೂತಿದ್ದೇವೆ.